ಕಾಫಿಪುಡಿ ಡಬ್ಬಿಯ ಪ್ರಯಾಣಿಕರು

ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೆ: “ದಾಸವಾಳದ ಕುಡಿ ಎಲ್ಲ ಮುರುಟಿ ಹೋಗ್ತಾ ಇದೆ ಮಾರಾಯ. ಗಣಪತಿಗೆ ಎರಡು ಹೂವಿಗೂ ಗತಿ ಇಲ್ಲ. ಒಂದ್ಸಲ ಬಂದು ನೋಡ್ಬಾರ್ದಾ?”

ಒಂದು ಗಿಡ ನೋಡಲು ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಹೋಗುವವರು ಉಂಟೇ ಎಂದು ಮನೆಯಲ್ಲಿ ನಕ್ಕರು. ಆದರೆ ಅದು ಎಲ್ಲಿಂದಲೋ ತಂದ ಗಿಡವಲ್ಲ. ಅಕ್ಕ ಮದುವೆಯಾಗಿ ಕೃಷ್ಣರಾಜಪುರಕ್ಕೆ ಹೊರಟಾಗ ಅಮ್ಮ ಹಿತ್ತಲ ಕೆಂಪು ದಾಸವಾಳದ ಒಂದು ಗೇಣು ಟೊಂಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಡಿಕೆ ಹಾಳೆಯಲ್ಲಿ ಕಟ್ಟಿ ಕೊಟ್ಟಿದ್ದಳು. ಆಗ ನಾನು ಹೈಸ್ಕೂಲಿನಲ್ಲಿದ್ದೆ, ಹಾಳೆಯ ಕಟ್ಟು ಹಿಡಿದುಕೊಂಡು ಬಸ್ಸಿನಲ್ಲಿ ಕೂತವನೂ ನಾನೇ. ಈಗ ಅಮ್ಮ ಇಲ್ಲ. ಹಿತ್ತಲಿನ ಆ ಗಿಡವೂ ಇಲ್ಲ. ಕೃಷ್ಣರಾಜಪುರದ ದೇವಸಂದ್ರದಲ್ಲಿ ಅಕ್ಕನ ಮನೆಯ ಗೇಟಿನ ಪಕ್ಕ ಎಂಟಡಿ ಬೆಳೆದು ನಿಂತ ಅದರ ಮಗಳು ಮಾತ್ರ ಉಳಿದಿದ್ದಾಳೆ. ಯುಗಾದಿ ಕಳೆದು ವಾರವಾಗಿತ್ತು. ರಾತ್ರಿ ಬಸ್ಸು ಹತ್ತಿದೆ.

ಚೀಲದಲ್ಲಿ ಎರಡು ಸಾಮಾನು. ಒಂದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ಇನ್ನೊಂದು ಅರ್ಧ ಕಿಲೋ ಮೈಲುತುತ್ತ. ಮೈಲುತುತ್ತ ಹೊತ್ತುಕೊಂಡದ್ದಕ್ಕೆ ನನ್ನನ್ನು ದೂರಬೇಡಿ, ಅದು ವಂಶದ ಚಟ. ಅಡಿಕೆ ತೋಟದವರ ಮನೆಯಲ್ಲಿ ಹುಟ್ಟಿದವನಿಗೆ ಯಾವ ಎಲೆ ಬಾಡಿದರೂ ಮೊದಲು ನೆನಪಾಗುವುದು ಕೊಳೆರೋಗ. ಮಳೆಗಾಲದ ಮುಂಚೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಕಲಸಿ ಕೊನೆಗಾರನನ್ನು ಮರ ಹತ್ತಿಸಿ ಗೊನೆಗೆ ಹೊಡೆಸುವುದನ್ನು ನೋಡುತ್ತಾ ಬೆಳೆದವರು ನಾವು. ಆ ನೀಲಿ ದ್ರಾವಣದಲ್ಲಿ ವಾಸಿಯಾಗದ ರೋಗ ಲೋಕದಲ್ಲಿ ಇದೆ ಎಂಬುದೇ ನಮ್ಮ ತಲೆಗೆ ಹೊಳೆಯುವುದಿಲ್ಲ.

ಮೆಜೆಸ್ಟಿಕ್‌ನಲ್ಲಿ ಇಳಿದಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ನೇರಳೆ ಮಾರ್ಗದ ಮೆಟ್ರೊ ಹತ್ತಿದೆ. ಹಿಂದೆಲ್ಲ ಅಕ್ಕನ ಮನೆಗೆ ಹೋಗುವುದೆಂದರೆ ಹಳೇ ಮದ್ರಾಸು ರಸ್ತೆಯಲ್ಲಿ ಒಂದೂವರೆ ತಾಸಿನ ತಪಸ್ಸು. ಮೆಟ್ರೊ ಬಂದ ಮೇಲೂ ಬಹಳ ದಿನ ಬೈಯಪ್ಪನಹಳ್ಳಿಯಲ್ಲಿ ಇಳಿದು ಬಸ್ಸು ಹಿಡಿಯಬೇಕಿತ್ತು. 2023ರ ಮಾರ್ಚ್‌ನಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ವರೆಗೆ ರೈಲು ಓಡಿತು, ಆದರೆ ಈಚೆಯ ಎರಡು ಕಿಲೋಮೀಟರ್ ತುಂಡು ಮಾತ್ರ ಕೂಡಿರಲಿಲ್ಲ. ಅದು ಕೂಡಿದ್ದು ಅದೇ ವರ್ಷದ ಅಕ್ಟೋಬರ್ 9ಕ್ಕೆ. ಮಹಾತ್ಮ ಗಾಂಧಿ ರಸ್ತೆಯ ಹತ್ತಿರ ರೈಲು ನೆಲದೊಳಗಿಂದ ಮೇಲೆದ್ದಿತು. ಟ್ರಿನಿಟಿ, ಹಲಸೂರು, ಇಂದಿರಾನಗರ ದಾಟುವಾಗ ನಾನು ಕಿಟಕಿಗೆ ಮೂಗು ಒತ್ತಿ ಕೂತಿದ್ದೆ. ಕೆಳಗೆ ಓಡಾಡುವವರಿಗೆ ಕಾಣದ ಇನ್ನೊಂದು ಊರು ತಾರಸಿಗಳ ಮೇಲೆ ಇತ್ತು: ಪೇಂಟಿನ ಡಬ್ಬಿಯಲ್ಲಿ ತುಳಸಿ, ಒಡೆದ ಸಿಂಟೆಕ್ಸ್ ಟ್ಯಾಂಕಿನಲ್ಲಿ ನುಗ್ಗೆ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಕೊತ್ತಂಬರಿ. ಬಟ್ಟೆ ಒಣಹಾಕುವ ತಂತಿಯ ಮೇಲೆ ಹಬ್ಬಿದ ಅವರೆ ಬಳ್ಳಿಯೊಂದು ಹಲಸೂರಿನ ಹತ್ತಿರ ಕಂಡಿತು. ಇಷ್ಟು ಗಿಡಗಳಿಗೆ ಇಷ್ಟು ಕಾಯಿಲೆಗಳೂ ಇರಬೇಕಲ್ಲ, ಇವನ್ನೆಲ್ಲ ನೋಡುವವರು ಯಾರು ಎಂದು ಯೋಚಿಸುವಷ್ಟರಲ್ಲಿ ಕೃಷ್ಣರಾಜಪುರ ಬಂತು.

ನಿಲ್ದಾಣದ ಮೇಲಿನಿಂದ ನೋಡಿದರೆ ಮೂರು ಕಾಲಗಳು ಒಂದರ ಮೇಲೊಂದು ಬಿದ್ದುಕೊಂಡಿವೆ. ಕೆಳಗೆ ಚೆನ್ನೈ ಕಡೆಯ ರೈಲು ಹಳಿಗಳು, ಅವುಗಳ ಮೇಲೆ ಕಂಬಿ ಕಟ್ಟಿ ನಿಲ್ಲಿಸಿದ ತೂಗುಸೇತುವೆ, ಅದರ ಪಕ್ಕಕ್ಕೆ ನಾನು ನಿಂತ ಮೆಟ್ರೊ. ಆಚೆ ದೂರವಾಣಿನಗರ. 1948ರಲ್ಲಿ ಐಟಿಐ ಶುರುವಾಗಿ ದೇಶಕ್ಕೆಲ್ಲ ಕಪ್ಪು ಟೆಲಿಫೋನು ಮಾಡಿಕೊಟ್ಟ ಊರು. ಇತ್ತ ಟಿನ್ ಫ್ಯಾಕ್ಟರಿ. ನನ್ನ ಮಟ್ಟಿಗೆ ಅದು ಬಸ್ ಸ್ಟಾಪಿನ ಹೆಸರು ಅಷ್ಟೆ, ಅಲ್ಲಿ ಟಿನ್ನು ಮಾಡುವುದನ್ನು ನಾನಂತೂ ಕಂಡಿಲ್ಲ. ರೈಲು ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಮಾಲೂರು, ಟೇಕಲ್ ಕಡೆಯ ಬೆಳಗಿನ ಗಾಡಿಗೆ ಬಂದ ಹೆಂಗಸರು ಸೊಪ್ಪಿನ ಗಂಟು, ಹೂವಿನ ಬುಟ್ಟಿ ಇಳಿಸುತ್ತಿದ್ದರು. ಈ ದೃಶ್ಯ ಆಮೇಲೆ ಕೆಲಸಕ್ಕೆ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಗೇಟು ತೆಗೆಯುವ ಮುಂಚೆಯೇ ಗಿಡ ಕಂಡಿತು. ಕಾಯಿಲೆ ಬಿದ್ದವರ ಮನೆಗೆ ಹೋದಾಗ ಆಗುವ ಮುಜುಗರ ಆಯಿತು. ಕೆಳಗಿನ ಎಲೆಗಳ ಅಂಚು ಕಂದಿ, ಸುಟ್ಟ ದೋಸೆಯ ಅಂಚಿನ ಹಾಗೆ ಗರಿಗರಿ. ಮೇಲಿನ ಕುಡಿಗಳು ಬೇರೆಯೇ ಕತೆ: ಎಲೆ ಹರಡದೆ ಒಂದಕ್ಕೊಂದು ಒತ್ತಿ, ಮುಷ್ಟಿ ಕಟ್ಟಿದ ಮಗುವಿನ ಕೈಯ ಹಾಗೆ ಮುದುಡಿವೆ. ಮೊಗ್ಗು ಬಟಾಣಿ ಗಾತ್ರಕ್ಕೆ ಬಂದು ಉದುರಿವೆ. ಬುಡದ ಸುತ್ತ ಸಿಮೆಂಟು, ನಡುವೆ ಒಂದು ತಟ್ಟೆಯಷ್ಟು ಮಣ್ಣು.

“ಕಾಫಿ ಕುಡಿದು ನೋಡೋ, ಅದೇನೂ ಓಡಿ ಹೋಗಲ್ಲ,” ಎಂದಳು ಅಕ್ಕ. 

ಗಿಡದ ಕಾಯಿಲೆ ಹಿಡಿಯುವುದಕ್ಕೆ ತೋಟದಲ್ಲಿ ಅಜ್ಜ ಹೇಳಿಕೊಟ್ಟ ಪಾಠ ಒಂದಿದೆ. ಎಲೆ ಬಾಡಿದೆ ಎಂಬುದು ಜ್ವರ ಬಂದಿದೆ ಎಂದ ಹಾಗೆ, ಅದು ರೋಗದ ಹೆಸರಲ್ಲ. ಮೊದಲು ಹೊತ್ತು ನೋಡಬೇಕು. ಮಧ್ಯಾಹ್ನ ಜೋತು ಬಿದ್ದು ಸಂಜೆಗೆ ಎದ್ದು ನಿಂತರೆ ಅದು ಬಿಸಿಲ ಆಯಾಸ. ಬೆಳಗಿನ ಜಾವದಲ್ಲೂ ಜೋತೇ ಇದ್ದರೆ ಬೇರಿಗೆ ಏನೋ ಆಗಿದೆ. ಆಮೇಲೆ ಜಾಗ ನೋಡಬೇಕು. ಹಳೆಯ ಎಲೆಗೆ ಮೊದಲು ಬಂದಿತೋ, ಹೊಸ ಕುಡಿಗೋ? ಸಾರಜನಕ ಸಾಲದಿದ್ದರೆ ಗಿಡ ತನ್ನ ಮುದಿ ಎಲೆಯಿಂದ ಅದನ್ನು ಕಿತ್ತು ಮಕ್ಕಳಿಗೆ ಕೊಡುತ್ತದೆ, ಹಾಗಾಗಿ ಕೆಳಗಿನದು ಹಳದಿಯಾಗುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲಿಕ್ಕೆ ಬಾರದು, ಅದರ ಕೊರತೆ ಕುಡಿಯಲ್ಲೇ ಕಾಣಬೇಕು: ನರ ಹಸಿರು, ನಡುವೆಲ್ಲ ಬಿಳಿಚು. ಕೊನೆಗೆ ಉಗುರು. ಟೊಂಗೆಯ ಸಿಪ್ಪೆಯನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರು ಕಂಡರೆ ಜೀವ ಇದೆ.

ಕೆರೆದೆ. ಹಸಿರು ಇತ್ತು. ಅಕ್ಕ ಒಂದು ನಿಟ್ಟುಸಿರು ಬಿಟ್ಟಳು.

ಕೆಳಗಿನ ಎಲೆಗಳ ಗುಟ್ಟು ಅರ್ಧ ಗಂಟೆಯಲ್ಲಿ ಬಯಲಾಯಿತು. ಅಪರಾಧಿ ನಮ್ಮ ಬಾವ. ಅಡುಗೆಮನೆಯ ನೀರು ಶುದ್ಧ ಮಾಡುವ ಯಂತ್ರದಿಂದ ಹೊರಬೀಳುವ ನೀರನ್ನು ಚೆಲ್ಲಬಾರದೆಂದು ಅವರು ಒಂದು ಪೈಪು ಎಳೆದು ದಾಸವಾಳದ ಬುಡಕ್ಕೆ ಬಿಟ್ಟಿದ್ದರು. ಬೋರ್‌ವೆಲ್ಲಿನ ನೀರೇ ಗಡಸು, ಅದರಿಂದ ಒಳ್ಳೆಯದನ್ನೆಲ್ಲ ಸೋಸಿಕೊಂಡು ಉಳಿದ ಉಪ್ಪಿನ ಗಟ್ಟಿ ನೀರು ಇದು. ತಟ್ಟೆಯಷ್ಟು ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತ್ತು, ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟರೆ ಉಪ್ಪುಪ್ಪು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ನಗರದ ಅಂಚಿನ 110 ಹಳ್ಳಿಗಳಿಗೆ ಹೊಳೆ ನೀರು ಹರಿಯಿತು, ಆದರೂ ಬಾವನ ಪೈಪು ಹಳೆಯ ನಿಷ್ಠೆ ಬಿಟ್ಟಿರಲಿಲ್ಲ. “ನೀರು ಉಳಿಸಿದೆ ಅಂತ ಹೆಮ್ಮೆ ಪಟ್ಕೊಂಡಿದ್ನಲ್ಲೋ,” ಎಂದು ಅವರು ಪೈಪನ್ನು ಸುತ್ತಿ ಅಟ್ಟಕ್ಕೆ ಎಸೆದರು. ಆ ನೀರಿನಲ್ಲಿ ನೆಲ ಒರೆಸಬಹುದು, ಗಿಡಕ್ಕೆ ಬೇಡ.

ಆದರೆ ಉಪ್ಪು ನೀರು ಕುಡಿಯನ್ನು ಮುಷ್ಟಿ ಕಟ್ಟಿಸುವುದಿಲ್ಲ. ಪಕ್ಕದ ಮನೆಯ ಐಟಿಐ ನಿವೃತ್ತರು ಕಾಂಪೌಂಡಿನ ಮೇಲಿಂದ ಇಣುಕಿ, “ವೈರಸ್ಸು ಸಾರ್. ಬೇರು ಸಮೇತ ತೆಗೆದು ಸುಟ್ಬಿಡಿ, ಇಲ್ದಿದ್ರೆ ನಮ್ಮನೇದಕ್ಕೂ ಹಬ್ಬುತ್ತೆ,” ಎಂದರು. ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆ ಮಾಡುತ್ತಿದ್ದವರಂತೆ. ತಿರಸ್ಕರಿಸುವುದು ಕೈಗೆ ಬಂದ ವಿದ್ಯೆ. ನಾನು ಮೈಲುತುತ್ತದ ಪೊಟ್ಟಣ ಬಿಚ್ಚುತ್ತಿದ್ದೆ.

ಆಗ ಹೂವಿನಾಕೆ ಬಂದಳು. ಟೇಕಲ್ ಕಡೆಯವಳು. ರೈಲಿನಲ್ಲಿ ಬಂದು ದೇವಸಂದ್ರದ ಬೀದಿಗಳಲ್ಲಿ ಕನಕಾಂಬರ, ಮಲ್ಲಿಗೆ, ಕಾಕಡಾ ಮೊಳದ ಲೆಕ್ಕದಲ್ಲಿ ಮಾರಿ ಮಧ್ಯಾಹ್ನದ ಗಾಡಿಗೆ ಮರಳುವಾಕೆ. ಅಕ್ಕನಿಗೆ ಎರಡು ಮೊಳ ಅಳೆದು ಕೊಡುತ್ತಾ ಗಿಡದ ಕಡೆ ಒಂದೇ ಸಲ ನೋಡಿ ಹೇಳಿದಳು: “ಅಯ್, ಟುಕ್ರಾ ಬಂದೈತಲ್ಲಕ್ಕಾ ಇದ್ಕೆ!”

“ಏನಂದೆ?”

“ಟುಕ್ರಾ ಕಣಣ್ಣ. ನಮ್ ಇಪ್ಪನೇರಳೆ ಕಡ್ಡಿಗೆ ಬರ್ತೈತಲ್ಲ, ಹಂಗೇ. ಎಲೆ ಮುದುರ್ಕೊಂಡ್ ಹೋಗ್ತದೆ, ಹುಳ ಆ ಸೊಪ್ಪು ಮೂಸೂ ನೋಡಲ್ಲ. ಒಂದ್ ಕುಡಿ ಬಿಡಿಸಿ ನೋಡು, ಒಳಗೆ ಹಿಟ್ಟು ಇರ್ತದೆ.”

ಬಿಡಿಸಿದೆ. ಒಳಗೆ ಹಿಟ್ಟು ಇತ್ತು.

ರೇಷ್ಮೆ ಬೆಳೆಯುವ ಕೋಲಾರ, ಶಿಡ್ಲಘಟ್ಟದ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ಹೆಸರು ಟುಕ್ರಾ. ಹಿಪ್ಪುನೇರಳೆಯ ಕುಡಿ ಮುರುಟುವ ಈ ಕಾಯಿಲೆಯನ್ನು ಪಂಡಿತರೂ ಒಂದು ಕಾಲಕ್ಕೆ ವೈರಸ್ಸೆಂದೇ ಶಂಕಿಸಿದ್ದರು. ಪಕ್ಕದ ಮನೆಯವರನ್ನು ನೋಡಿ ನಾನು ನಗುವ ಹಾಗಿಲ್ಲ. ಆಮೇಲೆ ತಿಳಿದದ್ದು, ಇದು ರೋಗವೇ ಅಲ್ಲ, ಕುಡಿಯಲ್ಲಿ ಕೂತು ರಸ ಹೀರುವ ಗುಲಾಬಿ ಹಿಟ್ಟು ತಿಗಣೆಯ ಜೊಲ್ಲಿನ ನಂಜು. ಅದಕ್ಕೆ ಮೈಲುತುತ್ತ ಹೊಡೆದರೆ ಕಾಲು ಮುರಿದವನಿಗೆ ಕೆಮ್ಮಿನ ಔಷಧಿ ಕುಡಿಸಿದ ಹಾಗೆ. ಪೊಟ್ಟಣ ಮತ್ತೆ ಚೀಲ ಸೇರಿತು.

ನಾನು ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿದ್ದೇನೆ, ಜೋಗದ ಬುಡಕ್ಕೆ ಇಳಿದಿದ್ದೇನೆ. ಆದರೆ ಭೂತಗನ್ನಡಿ ಕಣ್ಣಿಗೆ ಒತ್ತಿ ಆ ಕುಡಿಯೊಳಗೆ ಇಣುಕಿದ ಹೊತ್ತಿನ ಹಾಗೆ ಮೈ ಜುಮ್ಮೆಂದದ್ದು ಕಡಿಮೆ. ಎರಡು ಎಲೆಗಳ ನಡುವಿನ ಮಡಿಕೆ ಒಂದು ಕಣಿವೆ. ಕಣಿವೆಯ ತುಂಬ ಹಿಮ. ಹಿಮದ ಮೇಲೆ ಬಿಳಿ ಕಂಬಳಿ ಹೊದ್ದು ಮಲಗಿದ ಹೆಣ್ಣು ತಿಗಣೆಗಳು, ಒಂದೊಂದೂ ಸಬ್ಬಕ್ಕಿ ಕಾಳಿಗಿಂತ ಸಣ್ಣದು. ಕಂಬಳಿ ಎಂದದ್ದು ಮೇಣದ ಪುಡಿ, ಅದರ ಅಡಿಯಲ್ಲಿ ಮೈ ತಿಳಿಗುಲಾಬಿ. ಹಿಂಭಾಗಕ್ಕೆ ಹತ್ತಿಯ ಚೀಲ. ಚೀಲದ ಒಂದು ಮೂಲೆ ಸೂಜಿಯಲ್ಲಿ ಬಿಡಿಸಿದೆ, ಒಳಗೆ ಗುಲಾಬಿ ಬಣ್ಣದ ಮೊಟ್ಟೆಗಳು ರವೆಯ ಹಾಗೆ ಒತ್ತೊತ್ತಾಗಿ. ಒಂದು ಹೆಣ್ಣು 600ರವರೆಗೂ ಇಡಬಲ್ಲದು, ಬೇಸಿಗೆಯಲ್ಲಿ ಆ ಮೊಟ್ಟೆ ತಾಯಿಯಾಗಲು ಒಂದು ತಿಂಗಳು ಸಾಕು. ಗಂಡಿನ ಪಾಡು ಕೇಳಬೇಡಿ: ಅದಕ್ಕೆ ರೆಕ್ಕೆ ಉಂಟು, ಬಾಯಿ ಇಲ್ಲ. ಹುಟ್ಟಿ, ಹಾರಿ, ಕೂಡಿ, ಉಪವಾಸದಲ್ಲೇ ಕೆಲವೇ ದಿನಕ್ಕೆ ಮುಗಿಯಿತು.

ಕಣಿವೆಗೆ ಹೋಗುವ ದಾರಿಯಲ್ಲಿ ಜಾತ್ರೆ. ಕಪ್ಪಿರುವೆಗಳು ಕಾಂಡದ ಒಂದೇ ಓಣಿ ಹಿಡಿದು ಹತ್ತುತ್ತಿದ್ದವು, ಇಳಿಯುವವುಗಳ ಹೊಟ್ಟೆ ಉಬ್ಬಿ ಬಿಸಿಲಿಗೆ ಹೊಳೆಯುತ್ತಿತ್ತು. ಒಂದು ಇರುವೆ ತಿಗಣೆಯ ಬೆನ್ನನ್ನು ಮೀಸೆಯಿಂದ ತಟ್ಟಿತು. ನಮ್ಮ ಕೊಟ್ಟಿಗೆಯಲ್ಲಿ ಕರು ಕೆಚ್ಚಲಿಗೆ ಗುದ್ದುವುದು ನೆನಪಾಯಿತು. ತಿಗಣೆಯ ಹಿಂದೆ ಒಂದು ಹನಿ ಮೂಡಿತು, ಇರುವೆ ಹೀರಿತು. ಗಿಡದ ರಸದಲ್ಲಿ ಸಕ್ಕರೆ ಹೆಚ್ಚು, ತಿಗಣೆಗೆ ಬೇಕಾದ ಸಾರ ಕಡಿಮೆ. ಆದ್ದರಿಂದ ಅದು ಬಹಳ ಕುಡಿದು ಸಕ್ಕರೆಯನ್ನು ಹೊರಗೆ ಚೆಲ್ಲುತ್ತದೆ. ಇರುವೆಗೆ ಅದು ಹಯನು. ಹಯನು ಕೊಡುವ ದನವನ್ನು ಕಾಯದೆ ಬಿಡುವುದುಂಟೇ? ಎಲೆಯ ಮೇಲೆ ಚೆಲ್ಲಿ ಉಳಿದ ಅಂಟಿನಲ್ಲಿ ಮಸಿಯಂಥ ಬೂಷ್ಟು ಬೆಳೆದಿತ್ತು.

ಆ ಬಿಳಿಯ ಮಂದೆಯ ನಡುವೆ ಒಂದು ಮಾತ್ರ ಬೇರೆ. ಉಳಿದವಕ್ಕಿಂತ ಮೂರು ಪಟ್ಟು ಉದ್ದ, ಮೈತುಂಬ ಜಟೆ ಬಿಟ್ಟ ಬೈರಾಗಿಯ ಹಾಗೆ ಬಿಳಿ ಎಳೆಗಳು. ಮಿಕ್ಕವು ಕದಲದೆ ಕೂತಿದ್ದರೆ ಇದು ಸರಸರ ಓಡಾಡುತ್ತಿತ್ತು. ಇದೇ ಇವುಗಳ ಅಜ್ಜಿ ಇರಬೇಕೆಂದು ಹೆಬ್ಬೆರಳಲ್ಲಿ ಒತ್ತಿ ಅರೆದುಬಿಟ್ಟೆ. ಇನ್ನೊಂದು ಸಿಕ್ಕಿತು, ಅದನ್ನೂ. ಸಂಜೆಯವರೆಗೆ ಸಾಬೂನು ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಕೂತೆ. ಕೈಬೆರಳು ಕೆಂಪಾಯಿತು, ಈ ತಿಗಣೆಯನ್ನು ಹಿಚುಕಿದರೆ ಕುಂಕುಮದಂಥ ರಸ ಬರುತ್ತದೆ. ನನ್ನ ಪಾಲಿಗೆ ಅದು ವಿಜಯದ ಗುರುತು.

ಮರುದಿನ ಒಂದು ಕುಡಿಯನ್ನು ಕವರಿನಲ್ಲಿ ಗಂಟು ಕಟ್ಟಿ ಟಿನ್ ಫ್ಯಾಕ್ಟರಿಯಲ್ಲಿ ಹೆಬ್ಬಾಳದ ಬಸ್ಸು ಹಿಡಿದೆ. ವರ್ತುಲ ರಸ್ತೆಯ ಮೇಲೆ ಹೊಸ ಮೆಟ್ರೊದ ಕಂಬಗಳು ಸಾಲಾಗಿ ನಿಂತಿವೆ, ಅವುಗಳ ನೆರಳಲ್ಲಿ ಬಸ್ಸು ತೆವಳುತ್ತದೆ. ಹೊರಮಾವು, ಹೆಣ್ಣೂರು, ನಾಗವಾರ. ಆ ದಾರಿಯ ಬಗ್ಗೆ ಹೇಳಲು ಒಳ್ಳೆಯದು ಏನೂ ಇಲ್ಲ, ಹೊಂಗೆ ಹೂಬಿಟ್ಟಿತ್ತು ಎಂಬುದನ್ನು ಬಿಟ್ಟರೆ.

ಹೆಬ್ಬಾಳ ಮಾತ್ರ ನನ್ನಂಥವನಿಗೆ ಕ್ಷೇತ್ರ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಇಲ್ಲಿ 30 ಎಕರೆ ನೆಲ ಕೊಟ್ಟು ಕೃಷಿ ಪ್ರಯೋಗದ ತೋಟ ಮಾಡಿಸಿದರು. ಮುಂದೆ ಕೃಷಿ ಶಾಲೆಯಾಗಿ, ಕಾಲೇಜಾಗಿ, 1964ರಲ್ಲಿ ವಿಶ್ವವಿದ್ಯಾಲಯವಾದದ್ದು ಆ ತೋಟವೇ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಎಂಬಾತ ಮಲೆನಾಡಿನ ತೋಟ ತಿರುಗಿ, ಅಡಿಕೆ ಉದುರುವುದು ದೇವರ ಸಿಟ್ಟಲ್ಲ, ಒಂದು ಶಿಲೀಂಧ್ರ ಎಂದು ತೋರಿಸಿದ. 1910ರಲ್ಲಿ ಆತ ಅಚ್ಚು ಹಾಕಿಸಿದ ಪ್ರಬಂಧದ ಹೆಸರಿನಲ್ಲೇ ‘ಕೊಳೆರೋಗ’ ಎಂಬ ನಮ್ಮ ಮಾತು ಇದೆ. ಅದಕ್ಕೂ ಹಿಂದೆ, 1876ರಲ್ಲೇ, ಮೈಸೂರಿನ ಕಾಫಿ ಎಲೆ ಕೊಳೆಸುವ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಕುಕ್ ಎಂಬ ಪಂಡಿತ ಕೊಟ್ಟ ಲ್ಯಾಟಿನ್ ಹೆಸರಿನ ಬಾಲದಲ್ಲಿ ‘ಕೊಳೆರೋಗ’ ಸೇರಿಕೊಂಡಿತ್ತು. ನನ್ನ ಅಜ್ಜನ ಅಜ್ಜ ಗೊಣಗಿಕೊಂಡು ಆಡುತ್ತಿದ್ದ ಮಾತು ಲೋಕದ ಗ್ರಂಥಗಳಿಗೆ ಹೋಗಿ ಕೂತಿದೆ! ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಗೊನೆಗೆ ಕೊಟ್ಟೆ ಕಟ್ಟುವುದು ನಿಂತು ತುತ್ತದ ಹಂಡೆ ಬಂದದ್ದರ ಹಿಂದೆ ಈ ಹೆಬ್ಬಾಳ ಇದೆ. ಬಳ್ಳಾರಿ ರಸ್ತೆಯ ಧೂಳಿನಲ್ಲಿ ನಿಂತು ಮನಸ್ಸಿನಲ್ಲೇ ಕೈಮುಗಿದೆ.

ನಾನು ಹೋದದ್ದು ಅಲ್ಲೇ ಇರುವ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋಗೆ, ಪರಿಚಯದವರೊಬ್ಬರ ಮಾತು ಹಿಡಿದು. ಕುಡಿ ನೋಡಿದ ಹುಡುಗಿ, ಸಂಶೋಧನೆ ಮಾಡುತ್ತಿರುವವಳು, ಹೂವಿನಾಕೆ ಹೇಳಿದ್ದನ್ನೇ ಲ್ಯಾಟಿನ್ನಿನಲ್ಲಿ ಹೇಳಿದಳು. ನಾನು ಉಬ್ಬಿ, ಬಿಳಿ ಜಟೆಯ ದೊಡ್ಡ ಹುಳುಗಳನ್ನು ಮೊದಲು ಕೊಂದೆ ಎಂದೆ.

“ಜಟೆ ಇತ್ತಾ? ಓಡ್ತಿತ್ತಾ ಸರ್?”

“ಓಡ್ತಿತ್ತು. ಸರಸರ.”

“ಎಷ್ಟು ಕೊಂದ್ರಿ?”

“ಎರಡು… ಬ್ರಷ್ಷಿನಲ್ಲಿ ಇನ್ನೆಷ್ಟು ಹೋಯ್ತೋ.”

ಆಕೆ ಮಾತಾಡದೆ ನನ್ನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದಳು. ಬಾಗಿಲು ತೆರೆದರೆ ಕುಂಬಳಕಾಯಿ. ಕಪಾಟಿನ ಹಲಗೆಗಳ ಮೇಲೆ ಸಾಲು ಸಾಲು ಸಿಹಿಗುಂಬಳ, ಮೈತುಂಬ ಹಿಟ್ಟು ತಿಗಣೆ ಅಂಟಿಸಿಕೊಂಡು ರಥೋತ್ಸವದ ಅಕ್ಕಿಹಿಟ್ಟಿನ ಗೊಂಬೆಗಳ ಹಾಗೆ ಬೆಳ್ಳಗೆ. ತಿಗಣೆಯನ್ನು ಬೇಕೆಂದೇ ಕುಂಬಳದ ಮೇಲೆ ಸಾಕುತ್ತಾರೆ, ಆ ಮಂದೆಯ ನಡುವೆ ಅದನ್ನು ತಿನ್ನುವವರನ್ನು ಬಿಡುತ್ತಾರೆ. ಮಂದೆಯಲ್ಲಿ ನನ್ನ ಬೈರಾಗಿಗಳು ಓಡಾಡುತ್ತಿದ್ದರು! ಬೆಳೆದು ರೆಕ್ಕೆ ಬಂದವರು ಗಾಜಿನ ಮೇಲೆ ಕೂತಿದ್ದರು: ಮೆಣಸಿನ ಕಾಳಿನಷ್ಟು ದಪ್ಪ, ಕಪ್ಪು ಬೆನ್ನು, ಕಿತ್ತಳೆ ತಲೆ. ಗುಲಗಂಜಿ ಹುಳುವಿನ ಒಂದು ಜಾತಿ, ಹೆಸರು ಕ್ರಿಪ್ಟೊಲೀಮಸ್. ಮರಿಯಾಗಿದ್ದಾಗ ತಾನು ತಿನ್ನುವ ತಿಗಣೆಯ ವೇಷವನ್ನೇ ಹಾಕುತ್ತದೆ. ಮೈಮೇಲಿನ ಆ ಮೇಣದ ಜಟೆಯ ದೆಸೆಯಿಂದ ಕಾವಲಿನ ಇರುವೆಗೂ ಅದನ್ನು ಕಚ್ಚಿ ಓಡಿಸುವುದು ಕಷ್ಟ. ತಾಯಿಯಂತೂ ತಿಗಣೆಯ ಮೊಟ್ಟೆಚೀಲದ ಒಳಗೇ ತನ್ನ ಮೊಟ್ಟೆ ಇಟ್ಟು ಹೋಗುತ್ತದೆ. ಮಗು ಕಣ್ಣುಬಿಟ್ಟರೆ ಊಟ ಬಾಯಿಯ ಮುಂದೆ. ಒಂದು ಮರಿ ದೊಡ್ಡದಾಗುವಷ್ಟರಲ್ಲಿ ನೂರಾರು ತಿಗಣೆ ಮುಗಿಸುತ್ತದೆ.

ಅಂದರೆ ಅಕ್ಕನ ಮನೆಗೆ ವೈದ್ಯರು ನನಗಿಂತ ಮುಂಚೆಯೇ ಬಂದಿದ್ದರು. ನಾನು ಹೋಗಿ ಮೊದಲು ಅವರನ್ನೇ ಅರೆದಿದ್ದೆ.

ಇವು ಎಲ್ಲಿಯವು ಎಂದು ಕೇಳಿದೆ. ಆಸ್ಟ್ರೇಲಿಯಾದವು. 1898ರಲ್ಲಿ ನ್ಯೂಪೋರ್ಟ್ ಎಂಬ ಕಾಫಿ ಪ್ಲಾಂಟರು ದಕ್ಷಿಣ ಭಾರತದ ಕಾಫಿ ಗಿಡಗಳಿಗೆ ಬಿದ್ದ ಹಸಿರು ಶಲ್ಕ ಕೀಟಕ್ಕೆ ಮದ್ದಾಗಲಿ ಎಂದು ಅಲ್ಲಿಂದ ತರಿಸಿದ. ಹೆಸರು ಮಾಡಿದ್ದು ಮಾತ್ರ ಹಿಟ್ಟು ತಿಗಣೆ ತಿನ್ನುವುದರಲ್ಲಿ. ಹಡಗಿನಲ್ಲಿ ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು ಈಗ ದೇವಸಂದ್ರದ ಗೇಟಿನವರೆಗೆ ಬಂದು ತಲುಪಿದ್ದಾರೆ. ಹೀಗೆ ಕೀಟಕ್ಕೆ ಕೀಟವನ್ನೇ ಹುಡುಕಿ ತರುವ ಕೆಲಸ ಈ ಊರಿಗೆ ಹೊಸದಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ನಮ್ಮ ಹಿಪ್ಪುನೇರಳೆ ತೋಟಗಳಿಗೂ ನುಗ್ಗಿದಾಗ, 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿ ಬಿಟ್ಟದ್ದು ಇದೇ ಹೆಬ್ಬಾಳದಿಂದ. ಕಣಜ ಎಂದರೆ ಕಡಿಯುವ ಕಣಜವಲ್ಲ, ಸಾಸಿವೆ ಕಾಳಿಗಿಂತ ಸಣ್ಣವು. ಅತ್ತ ಕೆರಿಬಿಯನ್ ಸಮುದ್ರದ ಗ್ರೆನಡಾ ದ್ವೀಪಕ್ಕೆ 1994ರಲ್ಲಿ ಅಕ್ಕನ ಮನೆಯ ಇದೇ ಗುಲಾಬಿ ತಿಗಣೆ ಹೊಕ್ಕು ಬೀದಿ ಬೀದಿಯ ದಾಸವಾಳ ಒಣಗಿಸಿತ್ತು. ಆಗ ಆ ದ್ವೀಪಗಳಿಗೆ ಗುಲಗಂಜಿ ಹುಳುಗಳು ನಮ್ಮ ದೇಶದಿಂದ ಹೋದವು.

ನಾನು ಹೊರಡುವಾಗ ಹುಡುಗಿ ಎರಡು ಮಾತು ಹೇಳಿದಳು. ವಿಷ ಹೊಡೆಯಬೇಡಿ, ತಿಗಣೆ ಮೇಣದೊಳಗೆ ಬದುಕಿಕೊಳ್ಳುತ್ತದೆ, ಸಾಯುವುದು ಇವರೇ. ಮತ್ತೆ, ಮೊದಲು ಇರುವೆಯ ದಾರಿ ಕಟ್ಟಿ.

ಅಕ್ಕನ ಮನೆಗೆ ಬಂದಾಗ ಕತ್ತಲಾಗಿತ್ತು. ಬಾವ ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಡುವವರು, ಇರುವೆ ಕಟ್ಟುವ ಕೆಲಸ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕಾಂಡಕ್ಕೆ ಹಳೆಯ ಬನಿಯನ್ನಿನ ಪಟ್ಟಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಬಿಗಿದು ಸ್ಕೂಟರಿನ ಗ್ರೀಸು ಬಳಿದರು. ಕಾಂಪೌಂಡಿಗೆ ತಾಗಿದ ಟೊಂಗೆಯನ್ನು ಕತ್ತರಿಸಿದರು, ಇಲ್ಲದಿದ್ದರೆ ಇರುವೆಗೆ ಅದೇ ಮೇಲ್ಸೇತುವೆ. ನಾನು ಮೊಬೈಲಿನ ಬೆಳಕು ಹಿಡಿದು ಏಣಿ ಹತ್ತಿ, ನನ್ನ ಬ್ರಷ್ಷು ಮುಟ್ಟದ ಕುಡಿಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾ ಹೋದೆ. ಪಕ್ಕದ ಮನೆಯವರು, “ಏನು ಸಾರ್, ಏನು ಕಳೆದೋಯ್ತು?” ಎಂದರು. ಹೇಗೆ ಹೇಳುವುದು?

ಒಂಬತ್ತನೇ ಕುಡಿಯಲ್ಲಿ ಒಂದು ಸಿಕ್ಕಿತು. ಅದರ ಮೇಲಿನದರಲ್ಲಿ ಮೂರು. ಭೂತಗನ್ನಡಿ ಹಚ್ಚಿದರೆ ಒಬ್ಬ ಬೈರಾಗಿ ಮೊಟ್ಟೆಚೀಲಕ್ಕೆ ತಲೆ ತೂರಿಸಿದ್ದಾನೆ, ಚೀಲ ಒಳಗಿನಿಂದ ಅಲುಗುತ್ತಿದೆ, ಹತ್ತಿಯ ಮೇಲೆ ಕೆಂಪು ಚುಕ್ಕೆ ಹರಡುತ್ತಿದೆ. ಏಣಿಯ ಮೇಲೆ ಎಷ್ಟು ಹೊತ್ತು ನಿಂತೆನೋ, ಅಕ್ಕ ಊಟಕ್ಕೆ ಮೂರು ಸಲ ಕರೆದಳಂತೆ. ರಾತ್ರಿಯ ಲೆಕ್ಕ ಹದಿನೇಳು.

ಬೆಳಿಗ್ಗೆ ಹೂವಿನಾಕೆಗೆ ಭೂತಗನ್ನಡಿ ಕೊಟ್ಟು ತೋರಿಸಿದೆ. ಒಂದು ಕಣ್ಣು ಮುಚ್ಚಿ ನೋಡಿದವಳು ಹಿಂದಕ್ಕೆ ನೆಗೆದಳು. “ಇದ್ಯಾವ್ ಪಿಶಾಚಿ ಅಣ್ಣೋ!” ಆಮೇಲೆ ಕತೆ ಹೇಳಿದ್ದಕ್ಕೆ ಸುಮ್ಮನಾಗಿ, ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕೂತಳು. ಟೇಕಲ್ ಹತ್ತಿರ ಅವರದು ಒಂದೂವರೆ ಎಕರೆ ಹಿಪ್ಪುನೇರಳೆ. ಈ ಬೇಸಿಗೆಯಲ್ಲಿ ಟುಕ್ರಾ ಹಿಡಿದಿದೆ. ಔಷಧಿ ಹೊಡೆಯುವ ಹಾಗಿಲ್ಲ, ಹೊಡೆದ ಸೊಪ್ಪು ತಿಂದರೆ ರೇಷ್ಮೆ ಹುಳುವೇ ಸಾಯುತ್ತದೆ. ಮುರುಟಿದ ಕುಡಿಯನ್ನು ಕತ್ತರಿಸಿ ಸುಡುವುದೊಂದೇ ಅವರಿಗೆ ಗೊತ್ತಿರುವ ದಾರಿ. ಎಕರೆಗೆ 250ರಂತೆ ಈ ಗುಲಗಂಜಿ ಹುಳು ಬಿಡಿ ಎಂಬುದು ರೇಷ್ಮೆ ಇಲಾಖೆಯವರೂ ಹೇಳುವ ಮಾತು, ಆದರೆ ಆಕೆಯ ಕಿವಿಗೆ ಅದು ಬಿದ್ದಿರಲಿಲ್ಲ.

“ನಂಗೆ ಎಲ್ಡ್ ಕೊಡ್ತೀಯಾ?” ಎಂದಳು.

ಎಲ್ಲವನ್ನೂ ಕೊಡಲು ನನಗೆ ಮನಸ್ಸಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಅಕ್ಕ ಒಳಗಿನಿಂದ ಖಾಲಿ ಕಾಫಿಪುಡಿ ಡಬ್ಬಿ ತಂದು, ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದು ನನ್ನ ಮುಂದೆ ಕುಕ್ಕಿದಳು. ಬಣ್ಣದ ಬ್ರಷ್ಷಿನ ತುದಿಯಲ್ಲಿ ಎತ್ತಿ ಎತ್ತಿ ಆರು ಮರಿಗಳನ್ನು ಅದಕ್ಕೆ ಇಳಿಸಿದೆವು. ದಾರಿಯಲ್ಲಿ ಹಸಿವಾಗದಿರಲಿ ಎಂದು ಒಂದು ಮುರುಟಿದ ಎಲೆಯ ಚೂರು. ಆರು ಹುಳುವಿನಿಂದ ಒಂದೂವರೆ ಎಕರೆ ವಾಸಿಯಾಗುವುದಿಲ್ಲ, ಹೆಬ್ಬಾಳದ ವಿಳಾಸವನ್ನೂ ರೇಷ್ಮೆ ಇಲಾಖೆಯಲ್ಲಿ ಕೇಳಬೇಕಾದ ಮಾತನ್ನೂ ಬಾವ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಟ್ಟರು.

ಮಧ್ಯಾಹ್ನ ನಾನೂ ರೈಲು ನಿಲ್ದಾಣದವರೆಗೆ ಹೋದೆ. ಆಕೆ ಡಬ್ಬಿಯನ್ನು ಖಾಲಿ ಬುಟ್ಟಿಯಲ್ಲಿ ಒದ್ದೆ ಬಾಳೆ ಎಲೆಯ ಮೇಲೆ ಇಟ್ಟು, ಉಳಿದ ಒಂದು ಮೊಳ ಕನಕಾಂಬರವನ್ನು ಅದರ ಸುತ್ತ ಸುತ್ತಿದ್ದಳು. ಬಂಗಾರಪೇಟೆ ಕಡೆಯ ಗಾಡಿ ಇಪ್ಪತ್ತು ನಿಮಿಷ ತಡ. ಹತ್ತುವಾಗ ಬುಟ್ಟಿಯನ್ನು ತಲೆಯ ಮೇಲೆ ಇಡದೆ ಎದೆಗೆ ಅವಚಿಕೊಂಡಳು. ವೈಟ್‌ಫೀಲ್ಡ್, ದೇವನಗೊಂದಿ, ಮಾಲೂರು, ಆಮೇಲೆ ಟೇಕಲ್.

ಊರಿಗೆ ಬಂದ ಇಪ್ಪತ್ತಾರನೇ ದಿನ ಅಕ್ಕ ಫೋಟೊ ಕಳಿಸಿದಳು. ತುದಿಯ ಹೊಸ ಎಲೆ ನಾಲ್ಕೂ ಚಪ್ಪಟೆಯಾಗಿವೆ, ಮೊಗ್ಗು ಎರಡು. ಕೆಳಗೆ ಒಂದು ಸಾಲು: “ಟೇಕಲ್‌ನವಳು ಕೇಳ್ತಿದ್ಳು, ಡಬ್ಬಿ ವಾಪಸ್ ಬೇಕಾ ಅಂತ.”